ಲವಕುಶರ ಬೆಟ್ಟ ಮತ್ತು ಸೋತ ಹುಡುಗರು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳು, ಆ ಹುಡುಗರು ರಾಮನ ಸೈನ್ಯವನ್ನೇ ತಡೆದರು ಎಂಬುದು ಸ್ಥಳಪುರಾಣ. ಯುದ್ಧದಲ್ಲಿ ಹುಡುಗನೆಂದರೆ ಗೆಲ್ಲುವವನು ಎಂಬ ಈ ನೆನಪಿಗೆ ಒಗ್ಗದ ಚರಿತ್ರೆಯೂ ಇದೇ ಸೀಮೆಗೆ ಅಂಟಿಕೊಂಡಿದೆ. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ 1779ರಲ್ಲಿ ಚಿತ್ರದುರ್ಗ ಗೆದ್ದು, ಬೇಡರ ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಮತಾಂತರಿಸಿ ಚೇಲಾ ಪಡೆ ಕಟ್ಟಿದ. 1782ರಲ್ಲಿ ಫ್ರೆಂಚರು ಹಿಡಿದ ಬ್ರಿಟಿಷ್ ಹಡಗು ಹ್ಯಾನಿಬಲ್‌ನ ಬಾಲಕರೂ ಅವನ ಕೈಸೇರಿದರು. ಅವರಲ್ಲೊಬ್ಬನಾದ ಜೇಮ್ಸ್ ಸ್ಕರಿಯ ನೆನಪುಗಳು 1824ರಲ್ಲಿ ಅಚ್ಚಾದವು: ತಲೆ ಬೋಳಿಸಿದರು, ಅಮಲಿನ ಮಾಜೂನು ತಿನ್ನಿಸಿದರು, ಒತ್ತಿ ಹಿಡಿದು ಸುನ್ನತಿ ಮಾಡಿದರು. ಎಳೆಯರಿಗೆ ಹೆಣ್ಣುಡುಗೆ ತೊಡಿಸಿ ಕುಣಿಸಿದರೆಂಬ ವರದಿಯೂ ಇದೆ.

ಇದೆಲ್ಲ ಹೈದರಲಿಯನ್ನೂ ಅವನ ಮಗ ಟಿಪ್ಪುವನ್ನೂ ಹಳಿಯಲು ಹಬ್ಬಿಸಿದ ಕತೆ ಎನ್ನುವವರಿದ್ದಾರೆ. ಇಂಥ ಬರಹಗಳು ಈಸ್ಟ್ ಇಂಡಿಯಾ ಕಂಪನಿಯ ಪ್ರಚಾರಕ್ಕೆ ಒದಗಿದ್ದು ನಿಜ. ಕಂಪನಿಯೇನೂ ಸಾಚಾ ಅಲ್ಲ, 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟುಕೊಂಡಿತು. ಆದರೆ ಪ್ರಚಾರ ಬಳಸಿಕೊಂಡ ಮಾತ್ರಕ್ಕೆ ಗಾಯ ಸುಳ್ಳಾಗದು. ಸುನ್ನತಿಯ ಬಗ್ಗೆ ಹಲವು ಸೆರೆಯಾಳುಗಳ ಮಾತು ತಾಳೆಯಾಗುತ್ತದೆ. ಅದು ಧರ್ಮಾಚರಣೆಯಲ್ಲವೇ? ಮನೆಮಂದಿಯ ನಡುವೆ ಹೌದು. ಸೆರೆಯಾಳಿನ ಮೇಲೆ ಬಲವಂತದ ಕತ್ತಿ ಆಡಿದರೆ ಅದು, ನನ್ನ ಲೆಕ್ಕದಲ್ಲಿ, ಲೈಂಗಿಕ ಹಿಂಸೆಯೇ. ಸ್ಕರಿಗೆ ಅಚ್ಚಿನಮನೆಯಾದರೂ ದಕ್ಕಿತು, ಬೇಡರ ಹುಡುಗರಿಗೆ ಅದೂ ಇಲ್ಲ. ಲೈಂಗಿಕ ಹಿಂಸೆಯಲ್ಲಿ ಹುಡುಗನನ್ನೂ ಹುಡುಗಿಯಷ್ಟೇ ಸಂತ್ರಸ್ತನೆಂದು ಒಪ್ಪುವ ಪೋಕ್ಸೊ ಕಾಯ್ದೆ ನಮ್ಮಲ್ಲಿ ಬಂದದ್ದು 2012ರಲ್ಲಿ.