ಗುರಿನಿರ್ದೇಶಿತ ಕ್ಯಾನ್ಸರ್ ಔಷಧಗಳು ಮತ್ತು ಮೂತ್ರಪಿಂಡ: ಕ್ರಿಯಾಟಿನಿನ್ ಏಕೆ ಸಾಲದು

ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಬೆವಾಸಿಝುಮ್ಯಾಬ್ ಬಳಸಲು ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಹೊಸ ರಕ್ತನಾಳ ಬೆಳೆಸಿಕೊಳ್ಳಲು ಗೆಡ್ಡೆ ಆಶ್ರಯಿಸುವ ವಿಇಜಿಎಫ್ ಪ್ರೋಟೀನನ್ನು ಈ ಔಷಧ ಕಟ್ಟಿಹಾಕುತ್ತದೆ. ಅದೇ ಪ್ರೋಟೀನು ಆರೋಗ್ಯವಂತ ಮೂತ್ರಪಿಂಡಕ್ಕೂ ಬೇಕು. ರಕ್ತ ಸೋಸುವ ಗ್ಲೊಮೆರುಲಸ್‌ನಲ್ಲಿ ಪೋಡೊಸೈಟ್ ಕೋಶಗಳು ಅದನ್ನು ಸ್ರವಿಸುತ್ತಲೇ ಇರುತ್ತವೆ. ಎದುರಿನ ಲೋಮನಾಳಗಳ ಒಳಪದರ ಉಳಿಯುವುದು ಅದರ ಬಲದಿಂದ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪ್ರಬಲ ಪುರಾವೆ ಒದಗಿಸಿತು. ವಯಸ್ಕ ಇಲಿಗಳ ಪೋಡೊಸೈಟ್‌ಗಳಲ್ಲಿ ವಿಇಜಿಎಫ್ ವಂಶವಾಹಿಯನ್ನಷ್ಟೇ ಅಳಿಸಿದಾಗ ಲೋಮನಾಳಗಳಲ್ಲಿ ಸೂಕ್ಷ್ಮ ಹೆಪ್ಪುಗಳು ಕಟ್ಟಿದವು; ಬೆವಾಸಿಝುಮ್ಯಾಬ್ ಪಡೆದ ಆರು ರೋಗಿಗಳಲ್ಲೂ ಇಂಥದೇ ಹಾನಿ ಕಂಡಿತ್ತು. ಗರ್ಭಿಣಿಯರ ಪ್ರೀಎಕ್ಲಾಂಪ್ಸಿಯಾದಲ್ಲಿ ಮಾಸು ಅತಿಯಾಗಿ ಬಿಡುಗಡೆ ಮಾಡುವ ಅಂಶವೊಂದು ವಿಇಜಿಎಫ್ ಅನ್ನು ಹೀರಿಕೊಂಡಾಗಲೂ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಸೋರುತ್ತದೆ. ಆದ್ದರಿಂದ ಈ ಹಾನಿಯನ್ನು ಆಕಸ್ಮಿಕವೆಂದು ಬದಿಗಿಡಲಾಗದು. ಔಷಧ ತನ್ನ ಕೆಲಸವನ್ನೇ ಇನ್ನೊಂದು ಅಂಗದಲ್ಲೂ ಮಾಡುತ್ತಿದೆ. ಹಾನಿ ಎಲ್ಲಿ ಆದೀತೆಂದು ಮುಂಚಿತವಾಗಿ ಊಹಿಸಲು ಸಾಧ್ಯ.

ಊಹಿಸಬಲ್ಲದ್ದನ್ನು ಹುಡುಕದೆ ಬಿಡುವುದು ರೋಗಿಗೆ ಮಾಡುವ ಅನ್ಯಾಯ. ಮೂತ್ರಪಿಂಡ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬುದೊಂದನ್ನೇ ನಂಬಿದರೆ ಆಗುವುದು ಇದೇ. ಸೋಸುವ ಪೊರೆ ಹಾಳಾಗಿ ಪ್ರೋಟೀನು ಸೋರುತ್ತಿದ್ದರೂ ಕ್ರಿಯಾಟಿನಿನ್ ಬಹುಕಾಲ ಸಹಜವಾಗಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ಸ್ತನ ಕ್ಯಾನ್ಸರಿಗೆ ಕೊಡುವ ಅಬೆಮಾಸಿಕ್ಲಿಬ್ ಕ್ರಿಯಾಟಿನಿನ್ ಹೊರಹಾಕುವ ಮೂತ್ರನಾಳಿಕೆಗಳ ಸಾಗಣೆ ಪ್ರೋಟೀನುಗಳನ್ನು ತಡೆಯುವುದರಿಂದ, ಸೋಸುವಿಕೆ ಕುಗ್ಗದಿದ್ದರೂ ಕ್ರಿಯಾಟಿನಿನ್ ಏರುತ್ತದೆ. ಅಲ್ಲಿ ಸೋಸುವಿಕೆಯ ಇನ್ನೊಂದು ಸೂಚಕವಾದ ಸಿಸ್ಟಾಟಿನ್ ಸಿ ನೋಡದೆ ಔಷಧ ನಿಲ್ಲಿಸಿದರೆ ಕಾರಣವಿಲ್ಲದೆ ಚಿಕಿತ್ಸೆ ಕಳೆದುಹೋಗುತ್ತದೆ.

ಕ್ಯಾನ್ಸರ್ ಪ್ರಾಣಕ್ಕೇ ಎರವಾಗಿರುವಾಗ ಮೂತ್ರದ ಪ್ರೋಟೀನಿಗೆ ಅಂಜಿ ವಿಇಜಿಎಫ್ ತಡೆಯುವ ಔಷಧ ಕಡಿಮೆ ಮಾಡಬೇಕೇ ಎಂಬ ಆಕ್ಷೇಪಕ್ಕೆ ತೂಕವಿದೆ. ರಕ್ತದೊತ್ತಡ ಏರಿದವರಲ್ಲೇ ಔಷಧ ಹೆಚ್ಚು ಫಲಿಸಿದ್ದನ್ನು ಕೆಲವು ಅಧ್ಯಯನಗಳು ಗುರುತಿಸಿರುವುದರಿಂದ ಅದು ಇನ್ನಷ್ಟು ಬಲಗೊಳ್ಳುತ್ತದೆ. ಆದರೆ ತಪಾಸಣೆ ಎಂದರೆ ಔಷಧ ನಿಲ್ಲಿಸುವುದೆಂದಲ್ಲ. ಬೆವಾಸಿಝುಮ್ಯಾಬ್‌ನ ಬಳಕೆ ಸೂಚನೆಯ ಪ್ರಕಾರ, 24 ಗಂಟೆಯ ಮೂತ್ರದಲ್ಲಿ ಪ್ರೋಟೀನು 2 ಗ್ರಾಂ ಮುಟ್ಟಿದರೆ ಔಷಧವನ್ನು ತಡೆಹಿಡಿದು, ಅದಕ್ಕಿಂತ ಇಳಿದ ಮೇಲೆ ಮುಂದುವರಿಸಬಹುದು. ಪೂರ್ತಿ ಕೈಬಿಡುವುದು, ಪ್ರೋಟೀನು ಭಾರಿ ಪ್ರಮಾಣದಲ್ಲಿ ಸೋರಿ ಮೈ ಊದುವ ನೆಫ್ರೋಟಿಕ್ ಸಿಂಡ್ರೋಮ್ ಕಂಡಾಗ. ಸೋರಿಕೆ ಬೇಗ ಗೊತ್ತಾದಷ್ಟೂ ರಕ್ತದೊತ್ತಡ ಹತೋಟಿಗೆ ತಂದು ಚಿಕಿತ್ಸೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಮೊದಲ ಸುಳಿವು ಕೊಡಲು ಅಗ್ಗದ ಡಿಪ್‌ಸ್ಟಿಕ್ ಪಟ್ಟಿ ಸಾಕು, ಅದಕ್ಕೆ ದೊಡ್ಡಾಸ್ಪತ್ರೆಯೇ ಬೇಕಿಲ್ಲ. ಆದರೆ ಎಲ್ಲ ಔಷಧಗಳಿಗೂ ಆ ಪಟ್ಟಿಯೊಂದೇ ಸಾಲದು. ಇನ್ನೊಂದು ಗುರಿನಿರ್ದೇಶಿತ ಔಷಧವಾದ ಸೆಟುಕ್ಸಿಮ್ಯಾಬ್ ತಡೆಯುವ ಇಜಿಎಫ್‌ಆರ್ ಗ್ರಾಹಕ, ಮೂತ್ರನಾಳಿಕೆಯ ದೂರದ ಭಾಗದಲ್ಲಿ ಮೆಗ್ನೀಸಿಯಮ್ ಮರಳಿ ಹೀರಿಕೊಳ್ಳಲು ನೆರವಾಗುವಂಥದು. ಅಲ್ಲಿ ನೋಡಬೇಕಾದ್ದು ರಕ್ತದ ಮೆಗ್ನೀಸಿಯಮ್. ಅದನ್ನು ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 8 ವಾರ ನೋಡುತ್ತಿರಬೇಕು.