ಕೆಳಗೆ ಬಿದ್ದವನ ವಿದ್ಯೆ: ಜಪಾನಿನಿಂದ ಬ್ರೆಜಿಲಿಗೆ, ಮತ್ತೆ ನಗೋಯಾಕ್ಕೆ

ನಮ್ಮ ಕಡೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಮೈಸೂರಿನ ದಸರಾ ಕುಸ್ತಿ ಇರಲಿ, ಬೆಳಗಾವಿ ಕಡೆಯ ಜಾತ್ರೆಯ ಕಣ ಇರಲಿ, ಅಂಗಾತ ಬಿದ್ದವನು ಸೋತ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಬಳಸುವುದೂ ಸೋತವನನ್ನು ಗೇಲಿ ಮಾಡುವುದಕ್ಕೇ. ಆದರೆ ಇಲ್ಲಿ ಅಬುಧಾಬಿಯಲ್ಲಿ ಶಾಲೆಯ ಮಕ್ಕಳಿಂದ ಹಿಡಿದು ಪೊಲೀಸರ ತನಕ ಎಲ್ಲರೂ ಕಲಿಯುವ ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಆಟದ ಬಹುಪಾಲು ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ನಡೆಯುತ್ತದೆ. ಹೊಸದಾಗಿ ಸೇರಿದವನಿಗೆ ಹೊಡೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ತನಗಿಂತ ಭಾರದವನು ಎದೆಯ ಮೇಲೆ ಕೂತಾಗ ಗಾಬರಿಯಾಗದೆ ಉಸಿರಾಡುವುದು ಹೇಗೆ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸೊಂಟವನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಹೊರಬರುವುದು ಹೇಗೆ ಎಂಬುದೇ ಮೊದಲ ಪಾಠ.

ನಲವತ್ತು ದಾಟಿದ ನಾವು ಕೆಲವರು ವಾರಕ್ಕೆ ಎರಡು ಸಂಜೆ ಡ್ಯೂಟಿ ಮುಗಿಸಿ ಇದನ್ನು ಕಲಿಯಲು ಹೋಗುತ್ತಿದ್ದೇವೆ. ಬಿಳಿ ಬೆಲ್ಟಿನವರು, ಅಂದರೆ ಒಂದನೇ ಕ್ಲಾಸಿನವರು. ಈ ಲೇಖನ ನಮ್ಮ ಕಲಿಕೆಯ ಬಗ್ಗೆ ಅಲ್ಲ. ಕಲಿಯುತ್ತಾ ಈ ವಿದ್ಯೆ ಎಲ್ಲಿಂದ ಬಂತು ಎಂದು ನೋಡುತ್ತಾ ಹೋದಾಗ ಸಿಕ್ಕಿದ ಒಂದು ಕಥೆಯ ಬಗ್ಗೆ. ಹೊಟ್ಟೆಪಾಡಿಗೆ ಸಮುದ್ರ ದಾಟಿದವರ ಕಥೆ ಅದು, ಹಾಗಾಗಿ ನಮ್ಮ ಓದುಗರಿಗೂ ಬೇಕಾದೀತು.

1908ರ ಏಪ್ರಿಲ್ 28ರಂದು ಜಪಾನಿನ ಕೋಬೆ ಬಂದರಿನಿಂದ ಕಸಾತೊ ಮಾರು ಎಂಬ ಹಡಗು 781 ಜನರನ್ನು ಹೊತ್ತು ಹೊರಟಿತು. ಜೂನ್ 18ಕ್ಕೆ ಬ್ರೆಜಿಲಿನ ಸಾಂತೋಸ್ ತಲುಪಿತು. ಬ್ರೆಜಿಲಿನಲ್ಲಿ ಗುಲಾಮಗಿರಿ ನಿಂತದ್ದು 1888ರಲ್ಲಿ. ಸಾವೊ ಪಾವ್ಲೊ ಸೀಮೆಯ ಕಾಫಿ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. ಹೋದವರು ನಾಲ್ಕೈದು ವರ್ಷ ದುಡಿದು, ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಊರಿಗೆ ಮರಳುವ ಲೆಕ್ಕದಲ್ಲಿದ್ದರು. ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚಿನವರು ಮರಳಲಿಲ್ಲ. ತೋಟದ ಅಂಗಡಿಯ ಸಾಲ ತೀರಲಿಲ್ಲ, ಮಕ್ಕಳು ಹುಟ್ಟಿದರು, ಆಮೇಲೆ ಯುದ್ಧ ಬಂತು. ಇಂದು ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರುವ ದೇಶ ಬ್ರೆಜಿಲ್.

ಇವರ ಹಿಂದೆಯೇ, ಆದರೆ ಕೂಲಿಯಾಗಿ ಅಲ್ಲ, ಮಿತ್ಸುಯೊ ಮಾಯೆದಾ ಎಂಬ ಜೂಡೊ ಪಟು ಬ್ರೆಜಿಲಿಗೆ ಬಂದ. 1878ರಲ್ಲಿ ಜಪಾನಿನ ಉತ್ತರದ ಅಓಮೊರಿ ಸೀಮೆಯಲ್ಲಿ ಹುಟ್ಟಿದವನು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕಟ್ಟಿದ ಕೊದೊಕಾನ್ ಗರಡಿಯಲ್ಲಿ ಪಳಗಿದವನು. ಹಳೆಯ ಜುಜುತ್ಸು ಪಟ್ಟುಗಳನ್ನು ಸೋಸಿ ಕಾನೊ ಮಾಡಿದ್ದೇ ಜೂಡೊ. ಆದರೆ ಹೊರದೇಶದವರು ಆ ಕಾಲದಲ್ಲಿ ಎರಡನ್ನೂ ಜುಜುತ್ಸು ಎಂದೇ ಕರೆಯುತ್ತಿದ್ದರು. ಬ್ರೆಜಿಲಿನಲ್ಲಿ ಅದೇ ಹೆಸರು ‘ಜಿಯು-ಜಿತ್ಸು’ ಎಂದು ಉಳಿಯಿತು. ಮಾಯೆದಾ ಅಮೆರಿಕ, ಯುರೋಪ್, ಕ್ಯೂಬಾ, ಮೆಕ್ಸಿಕೊ ಸುತ್ತಿ, ಸಿಕ್ಕಿದವರ ಜೊತೆ ಹಣಕ್ಕೆ ಕುಸ್ತಿಯಾಡಿ, 1914ರಲ್ಲಿ ಬ್ರೆಜಿಲಿಗೆ ಬಂದು ಕೊನೆಗೆ ಅಮೆಜಾನ್ ಕಡೆಯ ಬೆಲೆಂ ಪಟ್ಟಣದಲ್ಲಿ ನೆಲೆಸಿದ. 1941ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ.

ಬೆಲೆಂನಲ್ಲಿ ಕಾರ್ಲೋಸ್ ಗ್ರೇಸಿ ಎಂಬ ಹುಡುಗ ಈ ವಿದ್ಯೆ ಕಲಿತ. 1925ರಲ್ಲಿ ರಿಯೊ ನಗರದಲ್ಲಿ ಶಾಲೆ ತೆರೆದ. ಅವನ ತಮ್ಮ ಹೇಲಿಯೊ ಮೈಕಟ್ಟಿನಲ್ಲಿ ಸಣ್ಣವನು. ಬಲಕ್ಕಿಂತ ಸನ್ನೆಗೋಲಿನ ಲೆಕ್ಕ ನಂಬಿ ಕೆಳಗಿನಿಂದ ಆಡುವುದನ್ನು ಬೆಳೆಸಿದ ಎಂಬುದು ಆ ಮನೆತನದವರು ಹೇಳುವ ಮಾತು. ಮನೆತನದ ಕಥೆಗಳಲ್ಲಿ ಯಾವಾಗಲೂ ಉಪ್ಪು-ಹುಳಿ ಸ್ವಲ್ಪ ಜಾಸ್ತಿ. ಅದೇ ರಿಯೊದ ಹೊರವಲಯದಲ್ಲಿ ಓಸ್ವಾಲ್ದೊ ಫದ್ದಾ ಎಂಬಾತ, ದುಡ್ಡು ಕೊಡಲಾಗದ ಬಡವರಿಗೆ ಇದೇ ವಿದ್ಯೆ ಹೇಳಿಕೊಡುತ್ತಿದ್ದ. ಪುಸ್ತಕಗಳಲ್ಲಿ ಅವನಿಗೆ ಸಿಕ್ಕಿದ ಜಾಗ ಕಡಿಮೆ. ನಮ್ಮ ಮಟ್ಟಿಗೆ ಅವನೂ ದೊಡ್ಡ ಮೇಷ್ಟ್ರೇ.

1951ರ ಅಕ್ಟೋಬರ್ 23ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೇಲಿಯೊ, ಜಪಾನಿನ ಮಸಾಹಿಕೊ ಕಿಮುರಾ ಎದುರು ನಿಂತ. ಕಿಮುರಾ ಅವನ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದ. ಹೇಲಿಯೊ ಸೋಲೊಪ್ಪಲಿಲ್ಲ, ಅಣ್ಣ ಕಾರ್ಲೋಸ್ ನಡುವೆ ಬಂದು ಪಂದ್ಯ ನಿಲ್ಲಿಸಿದ. ಆ ತೋಳಿನ ಪಟ್ಟಿಗೆ ಬ್ರೆಜಿಲಿನವರು ‘ಕಿಮುರಾ’ ಎಂದೇ ಹೆಸರಿಟ್ಟರು. ತಮ್ಮನ್ನು ಸೋಲಿಸಿದವನ ಹೆಸರನ್ನೇ ಪಾಠದಲ್ಲಿ ಸೇರಿಸಿಕೊಳ್ಳುವ ದೊಡ್ಡ ಮನಸ್ಸು ಎಲ್ಲಾ ಕಡೆ ಕಾಣುವುದಿಲ್ಲ.

ಇನ್ನು ನಗೋಯಾ. ಜಪಾನಿನ ನಡುಭಾಗದ ಐಚಿ ಪ್ರಾಂತ್ಯದ ರಾಜಧಾನಿ. ಪಕ್ಕದಲ್ಲೇ ಟೊಯೋಟಾ ಎಂಬ ಊರು. ಮೊದಲು ಅದರ ಹೆಸರು ಕೊರೊಮೊ, 1959ರಲ್ಲಿ ಕಾರು ಕಂಪನಿಯ ಹೆಸರನ್ನೇ ಊರಿಗೆ ಇಟ್ಟರು. ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ನೂರಾರು ಕಾರ್ಖಾನೆಗಳು. 1980ರ ದಶಕದ ಕೊನೆಗೆ ಅಲ್ಲಿ ಕೆಲಸಕ್ಕೆ ಜನ ಸಾಲದಾದರು. ಕೊಳಕು, ಅಪಾಯ, ಕಷ್ಟ ಈ ಮೂರೂ ಇರುವ ಕೆಲಸಕ್ಕೆ ಜಪಾನಿನ ಹುಡುಗರು ಒಲ್ಲೆ ಎಂದರು. 1990ರಲ್ಲಿ ಜಾರಿಗೆ ಬಂದ ಹೊಸ ವಲಸೆ ಕಾನೂನು, ಜಪಾನಿ ಮೂಲದವರ ಮಕ್ಕಳು ಮೊಮ್ಮಕ್ಕಳಿಗೆ ವಾಸದ ವೀಸಾ ಕೊಟ್ಟಿತು. ಕಾಫಿ ತೋಟಕ್ಕೆ ಹೋದವರ ಮೊಮ್ಮಕ್ಕಳು ಕಾರ್ಖಾನೆಯ ಅಸೆಂಬ್ಲಿ ಲೈನಿಗೆ ಮರಳಿ ಬಂದರು. ಮುಖ ಜಪಾನಿನದು, ನಾಲಿಗೆ ಪೋರ್ಚುಗೀಸ್. ಬ್ರೆಜಿಲಿನಲ್ಲಿ ಅವರನ್ನು ‘ಜಪಾನಿನವನು’ ಎನ್ನುತ್ತಿದ್ದರು, ಜಪಾನಿನಲ್ಲಿ ‘ಬ್ರೆಜಿಲಿನವನು’ ಎಂದರು. ಊರಿಗೆ ಹೋದಾಗ ‘ಗಲ್ಫಿನವರು’, ಇಲ್ಲಿ ‘ಇಂಡಿಯನ್’ ಆಗುವ ನಮಗೆ ಇದು ಹೊಸದಲ್ಲ.

ಹೀಗೆ ಬಂದವರನ್ನು ‘ದೆಕಾಸೆಗಿ’ ಎನ್ನುತ್ತಾರೆ. ದುಡಿಯಲು ಊರು ಬಿಟ್ಟವರು ಎಂದರ್ಥ. ಹೆಚ್ಚಿನವರ ನೇಮಕ ನೇರ ಕಾರ್ಖಾನೆಯಿಂದ ಅಲ್ಲ, ನಮ್ಮಲ್ಲಿ ಮ್ಯಾನ್‌ಪವರ್ ಸಪ್ಲೈ ಎನ್ನುತ್ತೇವಲ್ಲ, ಅಂಥ ಗುತ್ತಿಗೆದಾರರ ಮೂಲಕ. ಇರುವುದಕ್ಕೆ ಮನೆ ಕೊಡುವವರೂ ಅವರೇ. ಕೆಲಸ ಹೋದರೆ ಮನೆಯೂ ಹೋಯಿತು. 2007ರ ಹೊತ್ತಿಗೆ ಜಪಾನಿನಲ್ಲಿ 3 ಲಕ್ಷಕ್ಕೂ ಹೆಚ್ಚು ಬ್ರೆಜಿಲಿನವರಿದ್ದರು. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಐಚಿಯಲ್ಲಿ, ಇಂದಿಗೂ ಹಾಗೆಯೇ. ಟೊಯೋಟಾ ನಗರದ ಹೋಮಿ ದಾಂಚಿ ಎಂಬ ದೊಡ್ಡ ವಸತಿ ಸಮುಚ್ಚಯದಲ್ಲಿ ಬೋರ್ಡುಗಳೇ ಎರಡು ಭಾಷೆಯಲ್ಲಿವೆ. ನಗೋಯಾದಲ್ಲಿ ಬ್ರೆಜಿಲಿನ ಕಾನ್ಸುಲೇಟ್ ಇದೆ.

ಇವರ ಜೊತೆಗೆ ಜಿಯು-ಜಿತ್ಸು ಬಂತು. ಹಗಲು ಶಿಫ್ಟ್ ಮುಗಿಸಿದವರು ಸಂಜೆ, ಬಾಡಿಗೆ ಹಾಲಿನಲ್ಲಿ ಮ್ಯಾಟ್ ಹಾಸಿ ಕಲಿಯುವುದು, ಕಲಿಸುವುದು. ಸಾವೊ ಪಾವ್ಲೊದಿಂದ ಬಂದ ಸೌಝಾ ಕುಟುಂಬ, ನಗೋಯಾದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಹಮಾಮತ್ಸು-ಇವಾತಾ ಕಡೆ ‘ಬೊನ್ಸಾಯ್’ ಎಂಬ ಹೆಸರಿನಲ್ಲಿ ನಡೆಸುವ ಗರಡಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಮನೆಯ ರೊಬೆರ್ತೊ ಸತೋಶಿ ಸೌಝಾ 2021ರಲ್ಲಿ ಟೋಕಿಯೊ ಡೋಮಿನಲ್ಲಿ ರೈಝಿನ್ ಪಂದ್ಯಾವಳಿಯ ಲೈಟ್‌ವೇಟ್ ಚಾಂಪಿಯನ್ ಆದ.

ನಗೋಯಾಕ್ಕೆ ಈ ವಿದ್ಯೆ ಪೂರಾ ಹೊಸದೂ ಆಗಿರಲಿಲ್ಲ. ಕೊದೊಕಾನ್ ಜೂಡೊ ಕಾಲಕ್ರಮೇಣ ನೆಲದ ಆಟಕ್ಕೆ ಕಡಿವಾಣ ಹಾಕಿ, ನಿಂತು ಎಸೆಯುವುದಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಆದರೆ ಯುದ್ಧಕ್ಕೆ ಮೊದಲಿನ ಕಾಲೇಜುಗಳ ಜೂಡೊದಲ್ಲಿ ನೆಲದ ಆಟವೇ ಪ್ರಧಾನವಾಗಿತ್ತು. ಆ ಪರಂಪರೆಯನ್ನು ಇಂದಿಗೂ ಉಳಿಸಿಕೊಂಡಿರುವುದು ಹಿಂದಿನ ಏಳು ಸಾಮ್ರಾಜ್ಯ ವಿಶ್ವವಿದ್ಯಾಲಯಗಳ ಪಂದ್ಯಾವಳಿ. ಆ ಏಳರಲ್ಲಿ ನಗೋಯಾ ವಿಶ್ವವಿದ್ಯಾಲಯವೂ ಒಂದು. 15 ಜನರ ತಂಡ. ಗೆದ್ದವನು ಮುಂದಿನವನನ್ನು ಎದುರಿಸುತ್ತಾ ಹೋಗುತ್ತಾನೆ. ಅಂಕಗಳ ಗೆಲುವಿಲ್ಲ, ಪೂರ್ಣ ಗೆಲುವು ಇಲ್ಲವೇ ಡ್ರಾ. ಇದರಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ತಂಡದಲ್ಲಿ ಕೆಲವರ ಕೆಲಸ ಗೆಲ್ಲುವುದು, ಇನ್ನು ಕೆಲವರ ಕೆಲಸ ಸೋಲದೇ ಇರುವುದು ಮಾತ್ರ. ಈ ಎರಡನೆಯವರು ಆಮೆಯ ಹಾಗೆ ಮುದುರಿಕೊಂಡು, ಕುತ್ತಿಗೆ ತೋಳು ಕೊಡದೆ, ಎದುರಾಳಿ ತಂಡದ ಬಲಶಾಲಿಯನ್ನು ಸಮಯ ಮುಗಿಯುವ ತನಕ ತಡೆದು ನಿಲ್ಲಿಸಬೇಕು. ಕೈತಟ್ಟುವವರು ಕಡಿಮೆ, ಆದರೆ ಅವನಿಲ್ಲದೆ ತಂಡ ಗೆಲ್ಲುವುದಿಲ್ಲ. ಊರಲ್ಲಿ ಮನೆ ಕಟ್ಟಿಸಿ, ತಂಗಿಯ ಮದುವೆ ಮಾಡಿಸಿ, ತಾನು ಹದಿನೈದು ವರ್ಷ ಬೆಡ್ ಸ್ಪೇಸಿನಲ್ಲಿ ಕಳೆದವರನ್ನು ನಾವು ಎಷ್ಟು ಜನ ಕಂಡಿಲ್ಲ!

ಈ ಎರಡು ತೊರೆಗಳು ಕೂಡಿದ್ದರ ಗುರುತು ಮ್ಯಾಟಿನ ಮೇಲಿನ ಮಾತಿನಲ್ಲಿ ಸಿಗುತ್ತದೆ. ಹೊಸಬನು ಮೊದಲು ಕಲಿಯುವ, ಸೊಂಟ ಸರಿಸಿ ಹಿಂದಕ್ಕೆ ಜಾರುವ ಚಲನೆಗೆ ಜಪಾನಿಯಲ್ಲಿ ‘ಎಬಿ’ ಎನ್ನುತ್ತಾರೆ. ಎಬಿ ಎಂದರೆ ಸೀಗಡಿ. ಬೆನ್ನು ಬಾಗಿಸಿ ಹಿಂದಕ್ಕೆ ಚಿಮ್ಮುವ ಸೀಗಡಿಯನ್ನು ನೋಡಿದ ಕರಾವಳಿಯವರಿಗೆ ಇದನ್ನು ಮತ್ತೆ ವಿವರಿಸಬೇಕಿಲ್ಲ. ಬ್ರೆಜಿಲಿನವರು ಅದನ್ನೇ ‘ಸೊಂಟದ ಪಲಾಯನ’ ಎಂಬರ್ಥದ ಮಾತಿನಲ್ಲಿ ಹೇಳುತ್ತಾರೆ. ಹಿಂದಿನಿಂದ ಕುತ್ತಿಗೆ ಒತ್ತುವ ಪಟ್ಟು ಜಪಾನಿನಲ್ಲಿ ‘ಬರಿಗೈ ಹಿಡಿತ’, ಬ್ರೆಜಿಲಿನಲ್ಲಿ ‘ಸಿಂಹ ಕೊಲ್ಲುವುದು’. ಪಟ್ಟು ಒಂದೇ.

ಸಿಂಹದ ಮಾತು ಬಂದದ್ದರಿಂದ, ವೃತ್ತಿಯಲ್ಲಿ ಫಾರ್ಮಸಿಸ್ಟರಾದ ನಾವು ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇವೆ. ಈ ಹಿಡಿತ ಒತ್ತುವುದು ಮುಖ್ಯವಾಗಿ ಕುತ್ತಿಗೆಯ ಎರಡು ಬದಿಯ ರಕ್ತನಾಳಗಳನ್ನು. ಸರಿಯಾಗಿ ಬಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಅದಕ್ಕೇ ಎದುರಾಳಿಯ ಮೈಮೇಲೆ ಅಥವಾ ನೆಲದ ಮೇಲೆ ಕೈತಟ್ಟಿ ‘ಸಾಕು’ ಎನ್ನುವ ನಿಯಮ. ತಟ್ಟಿದ ಕೂಡಲೇ ಬಿಡಬೇಕು, ತಟ್ಟುವುದರಲ್ಲಿ ಅವಮಾನವಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮ್ಯಾಟಿಗೆ ಇಳಿಯಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಕೈಗೆಟುಕುವಲ್ಲಿ ಸಕ್ಕರೆ ಇಟ್ಟುಕೊಳ್ಳಬೇಕು. ನೋವಿನ ಮಾತ್ರೆ ನುಂಗಿ ಅಭ್ಯಾಸಕ್ಕೆ ಹೋಗುವುದು ಒಳ್ಳೆಯದಲ್ಲ, ನಿಲ್ಲಿಸು ಎಂದು ಕೀಲು ಹೇಳುವುದು ಆಗ ಕೇಳಿಸುವುದಿಲ್ಲ. ಇನ್ನೊಂದು ಹುಳಕಡ್ಡಿ. 2000ದ ನಂತರ ಜಪಾನಿನ ಜೂಡೊ, ಕುಸ್ತಿ ಹುಡುಗರಲ್ಲಿ ಟ್ರೈಕೋಫೈಟಾನ್ ಟಾನ್ಸುರಾನ್ಸ್ ಎಂಬ ಶಿಲೀಂಧ್ರ ಎಷ್ಟು ಹರಡಿತೆಂದರೆ, ಚರ್ಮವೈದ್ಯರು ಗರಡಿಗಳಿಗೇ ಹೋಗಿ ತಪಾಸಣೆ ಮಾಡಬೇಕಾಯಿತು. ಅಭ್ಯಾಸ ಮುಗಿದ ಕೂಡಲೇ ಸ್ನಾನ, ಪ್ರತಿಸಲ ಒಗೆದ ಬಟ್ಟೆ, ತನ್ನದೇ ಟವೆಲ್. ಊರಿನಿಂದ ತಂದ ಸ್ಟೀರಾಯ್ಡ್ ಬೆರೆತ ‘ತುರಿಕೆ ಮುಲಾಮು’ ದಯವಿಟ್ಟು ಹಚ್ಚಬೇಡಿ. ತುರಿಕೆ ಇಳಿದಂತೆ ಕಾಣುತ್ತದೆ, ಹುಳಕಡ್ಡಿ ಅಡಿಯಲ್ಲಿ ಹರಡುತ್ತದೆ.

ಮತ್ತೆ ನಗೋಯಾಕ್ಕೆ. 2008ರ ಕೊನೆಗೆ ಅಮೆರಿಕದ ಬ್ಯಾಂಕುಗಳು ಕುಸಿದಾಗ ಕಾರುಗಳ ಮಾರಾಟ ನಿಂತಿತು. ಆ ವರ್ಷ ದುಬೈಯಲ್ಲಿ ಕ್ರೇನುಗಳು ನಿಂತದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಐಚಿಯಲ್ಲಿ ಮೊದಲು ಹೊರಬಿದ್ದವರು ಗುತ್ತಿಗೆಯ ಬ್ರೆಜಿಲಿನವರು. 2009ರ ಏಪ್ರಿಲಿನಲ್ಲಿ ಜಪಾನ್ ಸರ್ಕಾರ ಒಂದು ಯೋಜನೆ ತಂದಿತು: ಕೆಲಸ ಕಳೆದುಕೊಂಡ ಜಪಾನಿ ಮೂಲದವರು ಮರಳಿ ಹೋಗುವುದಾದರೆ ತಲೆಗೆ 3 ಲಕ್ಷ ಯೆನ್, ಮನೆಮಂದಿಗೆ ತಲಾ 2 ಲಕ್ಷ ಯೆನ್. ಷರತ್ತು ಏನೆಂದರೆ, ಅದೇ ವೀಸಾದಲ್ಲಿ ಮತ್ತೆ ಬರುವಂತಿಲ್ಲ. 20 ಸಾವಿರಕ್ಕೂ ಹೆಚ್ಚು ಬ್ರೆಜಿಲಿನವರು ಹಣ ತೆಗೆದುಕೊಂಡು ಹೋದರು. ಅಜ್ಜನ ದೇಶ ಎಂದು ಕರೆದು ತಂದವರೇ ಟಿಕೆಟ್ ಕೊಟ್ಟು ಬಾಗಿಲು ಹಾಕಿದರು. ಇದನ್ನು ಸಹಾಯ ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ಟೀಕೆ ಹೆಚ್ಚಾಯಿತು, 2013ರ ಅಕ್ಟೋಬರಿನಲ್ಲಿ, ಕೆಲಸದ ಒಪ್ಪಂದ ಇದ್ದವರಿಗೆ ಮತ್ತೆ ಬರಲು ಬಿಟ್ಟರು.

ಹೋಗದೆ ಉಳಿದವರು ಹೇಗೋ ತಡೆದುಕೊಂಡರು. ಒಂದಂತೂ ನಿಜ. ಕಾರ್ಖಾನೆಯ ಕೆಲಸ ಗುತ್ತಿಗೆದಾರನದು, ಅವನು ಕೊಟ್ಟ ಹಾಗೆ ಕಿತ್ತುಕೊಳ್ಳಬಲ್ಲ. ಮ್ಯಾಟಿನ ಮೇಲೆ ಕಲಿತದ್ದನ್ನು ಯಾವ ಕಂಪನಿಯೂ ಕ್ಯಾನ್ಸಲ್ ಮಾಡಲಾರದು. ಅಲ್ಲಿ ಬ್ರೆಜಿಲಿನವನು ಮೇಷ್ಟ್ರು. ಹಗಲಲ್ಲಿ ಅವನ ಸೂಪರ್‌ವೈಸರ್ ಆಗಿರಬಹುದಾದ ಜಪಾನಿ ಯುವಕ ಬಿಳಿ ಬೆಲ್ಟ್ ಕಟ್ಟಿಕೊಂಡು ತಲೆಬಾಗಿಸಿ ಕಲಿಯಬೇಕು. ಬಿಳಿಯಿಂದ ಕಪ್ಪಿಗೆ ಹೋಗಲು ನಡುವೆ ನೀಲಿ, ನೇರಳೆ, ಕಂದು. ಸಾಮಾನ್ಯವಾಗಿ ಹತ್ತು ವರ್ಷದ ದಾರಿ. ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಈ ದಾರಿ ಕಡಿಮೆಯಾಗುವುದಿಲ್ಲ.

ನಾವಿರುವ ಈ ನೆಲಕ್ಕೂ ಇದೇ ವಿದ್ಯೆ ಬ್ರೆಜಿಲಿನ ಮೇಷ್ಟ್ರುಗಳ ಜೊತೆಗೇ ಬಂತು. ಅಮೆರಿಕದಲ್ಲಿ ಓದುವಾಗ ಜಿಯು-ಜಿತ್ಸು ಕಲಿತ ಶೇಖ್ ತಹ್ನೂನ್ ಬಿನ್ ಝಾಯೆದ್ 1998ರಲ್ಲಿ ಅಬುಧಾಬಿಯಲ್ಲಿ ದೊಡ್ಡ ಪಂದ್ಯಾವಳಿ ಶುರುಮಾಡಿದರು; 2008ರಿಂದ ಶಾಲೆಗಳಲ್ಲಿ ಪಾಠವಾಯಿತು. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಮೊದಲ ಬಾರಿಗೆ ಇದಕ್ಕೆ ಪದಕಗಳಿದ್ದವು, ಎಮಿರೇಟ್ಸಿನ ಹುಡುಗರು ಚಿನ್ನ ತಂದರು. 2026ರ ಏಷ್ಯನ್ ಗೇಮ್ಸ್ ಐಚಿ-ನಗೋಯಾದ ಪಾಲಿಗೆ ಬಂದಿದೆ, ಜಿಯು-ಜಿತ್ಸುವೂ ಪಟ್ಟಿಯಲ್ಲಿದೆ. ಬ್ರೆಜಿಲಿನ ಮೇಷ್ಟ್ರುಗಳ ಕೈಯಲ್ಲಿ ಕಲಿತ ಅರಬ್ ಹುಡುಗರು ಅಲ್ಲಿಗೆ ಆಡಲು ಹೋಗುತ್ತಾರೆ. ನಮ್ಮ ಕ್ಲಾಸ್ ಎಂದಿನಂತೆ ಮಂಗಳವಾರ ಮತ್ತು ಗುರುವಾರ, ಇಶಾ ನಮಾಜಿನ ನಂತರ.