ತಟ್ಟೆಗೆ ದಕ್ಕಿದ ದನಿ, ದಕ್ಕದ ದನಿ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶನ ಕಾರಣಿಕ ನಡೆಯುತ್ತದೆ. ಕರಿಕಂಬಳಿಯ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ನೆರೆದ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಅವರು ನುಡಿಯುವುದು ಒಂದೇ ಸಾಲು. ಅದರಲ್ಲಿ ಮಳೆ ಬೆಳೆ ಕಾಣುವವರುಂಟು, ರಾಜಕೀಯ ಕಾಣುವವರೂ ಉಂಟು. ಒಮ್ಮೆ ಮಾತ್ರ ಕೇಳಿಸುವ ದನಿಗೆ ಇಷ್ಟು ಬೆಲೆ ಕೊಟ್ಟ ಸೀಮೆ ಇದು. ಬೇಕೆಂದಾಗ ಮತ್ತೆ ಮತ್ತೆ ಕೇಳಬಹುದಾದ ದನಿ ನಮ್ಮ ನಾಡಿಗೆ ಬಂದಾಗ ಏನಾಯಿತು? ಹಳೆಯ ಧ್ವನಿಮುದ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಕೇಳುತ್ತ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಇದು.

ಆರಂಭ ಗೌಹರ್ ಜಾನ್ ಅವರಿಂದ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಮುಳ್ಳಿನ ಕರಕರ ಸದ್ದಿನ ನಡುವೆ ಅವರ ತಾನುಗಳು ಓಡುತ್ತವೆ. ಇದ್ದ ಅವಕಾಶ ಮೂರು ನಿಮಿಷವಷ್ಟೆ. ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಕೇಳುವಾಗ ನನಗದು ಬರೀ ಗುರುತಿನ ಮಾತೆನಿಸಲಿಲ್ಲ. ಹಾಡುವ ಹೆಂಗಸನ್ನು ಸಮಾಜ ತುಚ್ಛವಾಗಿ ಕಾಣುತ್ತಿದ್ದ ಕಾಲದಲ್ಲಿ ಒಬ್ಬಾಕೆ ಇಡೀ ಜಗತ್ತಿಗೆ ಕೇಳುವಂತೆ ತನ್ನ ಹೆಸರು ಹೇಳಿದ್ದರು. ಆ ಗೌಹರ್ ಜಾನ್ ಕೊನೆಗೆ ಮೈಸೂರು ಅರಸರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಮುಂದಿನದು ಉಸ್ತಾದ್ ಅಬ್ದುಲ್ ಕರೀಮ್ ಖಾನರ ದನಿ. ಗಂಟೆಗಟ್ಟಲೆ ಬೆಳೆಯುವ ಖಯಾಲು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದಾದರೂ ಹೇಗೆ? ಆದರೆ ಅವರ ಸ್ವರ ಕೇಳಿದಾಗ ಸಮಯದ ಕೊರತೆ ನೆನಪಾಗುವುದೇ ಇಲ್ಲ. ಧಾರವಾಡದ ಕಡೆ ಬಂದುಹೋಗುತ್ತಿದ್ದ ಈ ಉಸ್ತಾದರು ಕುಂದಗೋಳದ ರಾಮಭಾವೂ ಅವರಿಗೆ ವಿದ್ಯೆ ಕೊಟ್ಟರು. ಅವರೇ ಸವಾಯಿ ಗಂಧರ್ವರು. ಗದುಗಿನ ಹುಡುಗ ಭೀಮಸೇನ ಜೋಶಿ ಉಸ್ತಾದರ ತಟ್ಟೆ ಕೇಳಿ ಹುಚ್ಚು ಹಿಡಿದಂತಾಗಿ 1933ರಲ್ಲಿ ಮನೆ ಬಿಟ್ಟರು. ಅಲೆದಲೆದು ಕೊನೆಗೆ ಅದೇ ಸವಾಯಿ ಗಂಧರ್ವರ ಮನೆ ಸೇರಿದರು. ಗುರುವನ್ನು ಹುಡುಕುವ ಹಂಬಲವನ್ನು ಆ ಹುಡುಗನಲ್ಲಿ ಹುಟ್ಟಿಸಿದ್ದು ಒಂದು ತಟ್ಟೆ. ಅಲ್ಲಿ ಯಾರೂ ಯಾರ ಜಾತಿ ಧರ್ಮ ಕೇಳಲಿಲ್ಲ.

ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. 1930ರ ದಶಕದ ಅವರ ಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ಆ ಎಳೆಯ ದನಿಯನ್ನೂ ಗಂಟಲಿನ ಚಿಕಿತ್ಸೆಯ ಬಳಿಕ ಬಂದ ಗಂಡುದನಿಯನ್ನೂ ಒಟ್ಟಿಗೆ ಕೇಳಿದರೆ ಒಬ್ಬರೇ ಹಾಡಿದ್ದೆಂದು ನಂಬುವುದು ಕಷ್ಟ. ತಟ್ಟೆ ಇಲ್ಲದಿದ್ದರೆ ಆ ಮೊದಲ ಗಂಗೂಬಾಯಿ ನಮಗೆ ದಕ್ಕುತ್ತಲೇ ಇರಲಿಲ್ಲ.

ನಂತರದ್ದು ಕ್ಯಾಸೆಟ್ಟಿನ ಕಾಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಪುಸ್ತಕದಲ್ಲಿದ್ದ ಕವಿತೆ ಅಡುಗೆಮನೆಗೂ ಬಸ್ಸಿಗೂ ಇಳಿಯಿತು. ಓದು ಬಾರದವರೂ ಕವಿಯ ಹೆಸರು ಕಲಿತರು.

ಇಲ್ಲಿಯವರೆಗೆ ಲಾಭದ ಲೆಕ್ಕ. ಸಂತ ಶಿಶುನಾಳ ಶರೀಫರ ಬಳಿಗೆ ಬಂದಾಗ ಮಾತ್ರ ನನ್ನ ಮನಸ್ಸು ಎರಡಾಗುತ್ತದೆ. 1889ರಲ್ಲಿ ತೀರಿಕೊಂಡ ಶರೀಫರು ಇದೇ ಹಾವೇರಿ ಜಿಲ್ಲೆಯವರು. ಅವರ ತತ್ವಪದಗಳನ್ನು ತಲೆಮಾರುಗಳ ಕಾಲ ಕಾಪಾಡಿದ್ದು ಯಾವ ಕಂಪನಿಯೂ ಅಲ್ಲ, ಹಳ್ಳಿಹಳ್ಳಿಯ ಭಜನಾ ಮೇಳಗಳು. ಏಕತಾರಿ, ದಮ್ಮಡಿಯ ಜೊತೆಗೆ ಒಂದೊಂದು ಊರಿಗೆ ಒಂದೊಂದು ಧಾಟಿ. ಸಿ. ಅಶ್ವತ್ಥರ ಕ್ಯಾಸೆಟ್ಟುಗಳು, 1990ರ 'ಸಂತ ಶಿಶುನಾಳ ಶರೀಫ' ಚಿತ್ರ ಶರೀಫರನ್ನು ನಾಡಿಗೆಲ್ಲ ಮುಟ್ಟಿಸಿದವು. ಅಶ್ವತ್ಥರ ಕಂಚಿನ ಕಂಠಕ್ಕೆ ನಾನೂ ಸೋತವನೇ. ಆದರೆ ಈಗ ಶಾಲೆಯ ಮಕ್ಕಳು, ವೇದಿಕೆಯ ಗಾಯಕರು ಹಾಡುವುದೆಲ್ಲ ಆ ಧಾಟಿಯನ್ನೇ. ಊರಿನ ಮುದುಕರ ಧಾಟಿ 'ತಪ್ಪು' ಎನಿಸಿಕೊಳ್ಳುವಂತಾದರೆ ಅದು ಶರೀಫರಿಗೂ ಅಶ್ವತ್ಥರಿಗೂ ಒಪ್ಪಿಗೆಯಾಗುವ ಮಾತಲ್ಲ.

ಮುದ್ರಿಕೆ ತನ್ನ ಮುಂದೆ ನಿಂತವರನ್ನು ಉಳಿಸಿತು. ನಿಲ್ಲಲಾಗದವರು ಅದರ ನೆರಳಲ್ಲಿ ಮರೆಯಾದರು. ಡಮರುಗ ಹಿಡಿದು ಮನೆಮನೆಯ ಮುಂದೆ ಮೈಲಾರನ ಕಥೆ ಹಾಡಿದ ಎಷ್ಟು ಗೊರವರ ಹೆಸರು ನಮಗೆ ಗೊತ್ತು? ಗೌಹರ್ ಜಾನ್‌ಗೆ ಸಿಕ್ಕ ಆ ಒಂದು ಗಳಿಗೆ ಅವರಿಗೆ ಸಿಗಲಿಲ್ಲ.

ಇಂದು ದೇವರಗುಡ್ಡದ ಕಾರಣಿಕವೂ ಮೊಬೈಲಿನಲ್ಲಿ ಸೆರೆಯಾಗಿ ಊರೂರು ಸುತ್ತುತ್ತದೆ. ಮುದ್ರಿಸುವ ಯಂತ್ರ ಎಲ್ಲರ ಜೇಬಿನಲ್ಲಿದೆ. ಅದೇ ಮೊಬೈಲನ್ನು ಭಜನೆಯ ಹಿರಿಯರ ಮುಂದೆ, ಗೊರವರ ಮುಂದೆ, ಮೊಹರಮ್ಮಿನ ಪದ ಹಾಡುವವರ ಮುಂದೆ ಹಿಡಿಯಬೇಕು. ಹಾಡು ಮುಗಿದ ಮೇಲೆ ನಿಮ್ಮ ಹೆಸರು, ನಿಮ್ಮ ಊರು ಹೇಳಿರೆಂದು ಕೇಳಬೇಕು. ಅದನ್ನು ಅವರ ದನಿಯಲ್ಲೇ ಉಳಿಸಿಕೊಳ್ಳಬೇಕು.